ಮಲಕವ್ವನ ಹಸಿರು

“ಹಸಿರಂದ್ರ ಯಾವ ಹಸಿರ್ರೀ ಕಾಕಾ? ಗಿಣಿ ಹಸಿರೈತಿ, ಬಾಳಿ ಎಲಿ ಹಸಿರೈತಿ, ಹೊಸಾ ನಾಯ್ಲಾನೂ ಬಂದೈತಿ,” ಎನ್ನುತ್ತ ಅಂಗಡಿಯ ಪದ್ಮಕುಮಾರ ಇನ್ನೊಂದು ಸೀರೆ ಬಿಚ್ಚಿ ಹರಡಿದ.

ಪರಪ್ಪ ಕೈ ಮುಂದೆ ಮಾಡಿ, ಹಿಂದಕ್ಕೆಳೆದುಕೊಂಡ. ಮನೆಯಲ್ಲಿ ಹೆಂಡತಿ ಮಲಕವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ನಸುಕಿನಲ್ಲಿ ಜೀವ ಹೋಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ ಉಡಿಸಬೇಕೆಂದು ಹೆಂಗಸರು ಹೇಳಿದಾಗ, ಮಹಾಗಾಂವದಿಂದ ಬಂದಿದ್ದ ಅವಳ ತಮ್ಮ ರಾಮಲಿಂಗ ಎದ್ದು ನಿಂತಿದ್ದ. “ಇದೊಂದಾದ್ರೂ ನಾ ತರ್ತೇನಿ,” ಎಂದು ಪರಪ್ಪನೇ ಅವನನ್ನು ತಡೆದು ಬಂದಿದ್ದ. ಅವಳು ಇಷ್ಟು ವರ್ಷ ಉಟ್ಟದ್ದೆಲ್ಲ ತವರಿನವರು ಕೊಟ್ಟದ್ದು, ಇಲ್ಲವೇ ತಾನೇ ಸಂತೆಯಲ್ಲಿ ಕೊಂಡದ್ದು. ಪರಪ್ಪನೋ ಇಚಲಕರಂಜಿಯ ಮಗ್ಗದ ಮುಂದೆ ನಿಂತು ಬಿಳಿ ಧೋತರವನ್ನಷ್ಟೇ ನೇಯುತ್ತ ಬಂದವನು. ಅವಳಿಗೆ ಯಾವ ಬಣ್ಣ ಸೇರುತ್ತದೆಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ.

“ಯಾವುದ ಛಲೋ ಕಾಣತೈತಿ, ನೀವ ಹೇಳ್ರಿ.”

“ಉಡಾವ್ರ ಮೈಬಣ್ಣ ಹೆಂಗೈತ್ರಿ?”

ಪರಪ್ಪ ಬೆಳಗಿನಿಂದ ನೋಡಿದ ಆ ಮುಖವನ್ನು ನೆನೆದು, ಮುಂದಿದ್ದ ಸೀರೆಯನ್ನು ಪಕ್ಕಕ್ಕೆ ಸರಿಸಿದ.

ಪದ್ಮಕುಮಾರ ನಕ್ಕ. “ಬಾಯಕೋಲಾ ಘಾಬರತಾ ಕಾಯ್ ಕಾಕಾ? ಹೆಂಡ್ತೀಗಿ ಇಷ್ಟ್ಯಾಕ ಹೆದರ್ತೀರಿ? ಒಯ್ದ ತೋರಸ್ರಿ. ಸೇರಲಿಲ್ಲಂದ್ರ ನಾಳೆ ತಗೊಂಡ ಬರ್ರಿ, ಬದಲಿ ಕೊಡ್ತೇನಿ.”

“ಇನ್ನೊಂದೆರಡ ತೆಗೀರಿ,” ಎಂದ ಪರಪ್ಪ. ತೆಗೆದಷ್ಟೂ ಹಿಂದಿನದೇ ವಾಸಿ ಅನಿಸುತ್ತಿತ್ತು. ಅಂಚು ಹಿಡಿಸಿದರೆ ಸೆರಗು ಹಿಡಿಸದು. ಎರಡೂ ಹಿಡಿಸಿದರೆ, ಅವಳು ಇದನ್ನು ಒಲ್ಲೆ ಅಂತಿದ್ದಳೇನೋ ಎಂಬ ಸಂಶಯ.

ರಾಮಲಿಂಗ ಸೈಕಲ್ಲಿನ ಮೇಲೆ ಹುಡುಕಿಕೊಂಡು ಬಂದ. “ಏನ್ ಮಾಡಾಕತ್ತೀರಿ ಮಾಮಾ? ಅಲ್ಲಿ ಕುಣಿ ತೋಡಿ ಕುಂತಾರ. ಹೆಣಾ ಇಟಗೊಂಡ ಎಷ್ಟೊತ್ತ ಕಾಯ್ಬೇಕು?”

“ನಿಮ್ಮಕ್ಕಗ ಯಾವ ಹಸಿರ ಸೇರತಿತ್ತೋ?”

ರಾಮಲಿಂಗ ಹರಡಿದ ಸೀರೆಗಳತ್ತ ನೋಡಿದ. “ನನಗೇನ ಗೊತ್ರಿ. ಆಕಿ ಎಂದಾದ್ರೂ ಹೇಳ್ಯಾಳೇನು?”

ಪದ್ಮಕುಮಾರನ ನಗು ನಿಂತಿತ್ತು. ಅವನು ಗಾದಿಯಿಂದಿಳಿದು, ಯಾವುದನ್ನು ಕಟ್ಟಲೆಂದು ಕೇಳದೆ, ಕೈಗೆ ಸಿಕ್ಕಿದ್ದನ್ನು ಮಡಚಿ ರಾಮಲಿಂಗನ ಕೈಗಿತ್ತ.

ಕುಣಿಯಲ್ಲಿ ಮಲಕವ್ವನನ್ನು ಕೂಡಿಸಿ ಹಣೆಗೆ ವಿಭೂತಿ ಹಚ್ಚುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಅಂಗಡಿಯಲ್ಲಿ ಎಲೆಯಂತೆ ಕಂಡಿದ್ದ ಸೀರೆ ಇಲ್ಲಿ ಹಳದಿಗೆ ತಿರುಗಿತ್ತು.

“ತಡೀರಿ,” ಎಂದ ಪರಪ್ಪ.

ಮೊದಲ ಬುಟ್ಟಿ ಮಣ್ಣು ಎತ್ತಿದವನು ಹಾಗೇ ನಿಂತ. ಪರಪ್ಪ ಕುಣಿಯ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ, ಅವಳ ಸೆರಗಿನ ಮಡಿಕೆಯೊಂದನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡತೊಡಗಿದ. ಬುಟ್ಟಿ ಹಿಡಿದವನ ತೋಳು ಮೆಲ್ಲಗೆ ಸೋಲುತ್ತ ಬಂತು.