ಒಂದೂ ಅರ್ಜಿ ಬಾರದ ಕೊಳವೆ

ಆಪ್ತ ಸಹಾಯಕರು ದರ್ಜಿಯ ಟೇಪನ್ನು ಅರ್ಜಿಗಳ ಕಟ್ಟಿನ ಪಕ್ಕ ನೆಟ್ಟಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದರು.

"ಒಳಾಂಗಣ ಕ್ರೀಡಾಂಗಣ, ಹದಿನಾರೂವರೆ ಇಂಚು ಮೇಡಂ. ಮಿಕ್ಕಿದ್ದೆಲ್ಲ ಇದರ ಮೊಣಕಾಲಿಗೂ ಬರಲ್ಲ."

ಶಾಸಕಿ ತಲೆಯಾಡಿಸಿ ಬರೆದುಕೊಂಡರು. ಅರ್ಜಿಗಳ ಎತ್ತರ ಅಳೆದು ಕ್ಷೇತ್ರದ ಆದ್ಯತೆ ಗೊತ್ತುಮಾಡುವುದು ಮೂವರು ಶಾಸಕರ ಕಾಲದಿಂದ ಈ ಕಚೇರಿಯಲ್ಲಿ ನಡೆದುಬಂದ ಪದ್ಧತಿ. ಮೊದಲ ದಿನ ಅವರಿಗೆ ನಗು ಬಂದಿತ್ತು. ಆಮೇಲೆ ಯೋಚಿಸಿದರೆ ಇದಕ್ಕಿಂತ ನ್ಯಾಯವಾದ ದಾರಿ ಹೊಳೆಯಲಿಲ್ಲ. ಟೇಪಿಗೆ ಶಿಫಾರಸು ಗೊತ್ತಿಲ್ಲ, ನೆಂಟಸ್ತನವೂ ಗೊತ್ತಿಲ್ಲ.

ಸರ್ಕಾರ ಕೇಳಿದ್ದು ಐದು ಕೆಲಸಗಳ ಪಟ್ಟಿ. ಅದರಲ್ಲಿ ದೊಡ್ಡ ಕಾಮಗಾರಿ ಒಂದೇ ಇರಬೇಕು, ಸಂಜೆ ಐದರೊಳಗೆ ತಲುಪಬೇಕು. ದೊಡ್ಡದು ಯಾವುದೆಂದು ಚರ್ಚೆಯೇ ಇರಲಿಲ್ಲ. ಚುನಾವಣೆಯಲ್ಲಿ ಶಾಸಕಿಯ ತಮ್ಮನೇ ಮನೆಮನೆಯ ಬಾಗಿಲು ತಟ್ಟಿ ಕ್ರೀಡಾಂಗಣದ ಮಾತು ಕೊಟ್ಟಿದ್ದ. ಇಪ್ಪತ್ತೆರಡು ವರ್ಷ ಪೇಟೆ ರಸ್ತೆಯಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಹೆಂಗಸು ಗೆದ್ದು ಬಂದದ್ದು ಆ ಮಾತಿನ ಬಲದಿಂದ. ಅವರಿಗೂ ಅದು ಗೊತ್ತಿತ್ತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಖಾಕಿ ಅಂಗಿಯ ತೆಳ್ಳನೆಯ ಮನುಷ್ಯ. ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಸರಳು, ಅದರ ತುದಿಗೆ ಮರದ ಸಣ್ಣ ಬಟ್ಟಲು. ಊರಿಗೆ ನೀರು ಬಿಡುವ ವಾಲ್ವ್‌ಮನ್.

"ಒಂದು ಅರ್ಜಿ ಕೊಡಬೇಕಿತ್ತು. ದೊಡ್ಡ ಕೊಳವೆದು."

ಆಪ್ತ ಸಹಾಯಕರು ಗೋಡೆಯ ಕಪಾಟನ್ನೆಲ್ಲ ಜಾಲಾಡಿದರು. ಆ ಹೆಸರಿನ ಕಟ್ಟೇ ಇರಲಿಲ್ಲ. ಅವನ ಒಂಟಿ ಹಾಳೆಯನ್ನು ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ಟೇಪು ಎಳೆದು, ಹಾಗೇ ಜೇಬಿಗೆ ಹಾಕಿಕೊಂಡರು. "ಇದನ್ನ ಅಳೆಯೋದಾದ್ರೂ ಹೇಗಪ್ಪ ಮಾರಾಯ?"

ಶಾಸಕಿ ಹಾಳೆ ಓದಿದರು. ಕೆರೆಯಿಂದ ಊರಿಗೆ ಬರುವ ಮುಖ್ಯ ಕೊಳವೆ ಮೂವತ್ತೊಂದು ವರ್ಷಗಳಲ್ಲಿ ಇನ್ನೂರ ಆರು ಸಲ ಸೋರಿದೆ ಎಂದು ಬರೆದಿತ್ತು. ಪ್ರತಿಯೊಂದಕ್ಕೂ ತಾರೀಖು ಇತ್ತು.

"ಇಷ್ಟು ಸಲ ಸೋರಿದ್ರೆ ಒಬ್ಬರಾದ್ರೂ ದೂರು ಕೊಡಬೇಕಿತ್ತಲ್ಲ?"

"ಯಾರಿಗೂ ಗೊತ್ತಾಗಿಲ್ಲ ಮೇಡಂ. ನೀರು ರಸ್ತೆಗೆ ಬರೋ ಮುಂಚೆನೇ ನನಗೆ ಕೇಳಿಸುತ್ತೆ. ಜನ ಎದ್ದು ಓಡಾಡೋ ಹೊತ್ತಿಗೆ ಮುಚ್ಚಿರ್ತೀನಿ." ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ.

"ಮತ್ತೆ ಈಗ್ಯಾಕೆ ಬಂದ್ರಿ?"

"ತಿಂಗಳ ಕೊನೆಗೆ ನಿವೃತ್ತಿ. ನನ್ನ ಜಾಗಕ್ಕೆ ಇನ್ನೊಬ್ಬರನ್ನ ಹಾಕಲ್ವಂತೆ. ಸೋರಿಕೆನೇ ಇಲ್ಲದ ಊರಿಗೆ ಕಿವಿ ಕೊಡೋನು ಯಾಕೆ ಅಂದ್ರು. ಅದಿರಲಿ, ಈಗ ಬಂದಿರೋ ಸೋರಿಕೆ ನನ್ನ ಕೈಮೀರಿದ್ದು."

"ಕೇಳಿಸುತ್ತೆ ಅಂತೀರಲ್ಲ, ಅದು ಹೆಂಗೆ?"

"ಬಾಯಲ್ಲಿ ಹೇಳೋಕೆ ಬರಲ್ಲ. ಬನ್ನಿ, ಇಲ್ಲೇ ಪೇಟೆ ರಸ್ತೆ."

"ಮೇಡಂ, ಮೂರು ಗಂಟೆ ಆಯ್ತು," ಎಂದು ಆಪ್ತ ಸಹಾಯಕರು ಗೋಗರೆಯುತ್ತಲೇ ಹಿಂದೆ ಬಂದರು.

ಪೇಟೆ ರಸ್ತೆಯಲ್ಲಿ ಅವನು ಕಬ್ಬಿಣದ ಮುಚ್ಚಳವೊಂದನ್ನು ಎತ್ತಿ ಸರಿಸಿದ. ಸರಳನ್ನು ಗುಂಡಿಯೊಳಗಿನ ಕೊಳವೆಯ ಬೆನ್ನಿಗೆ ಆನಿಸಿ, ಮರದ ಬಟ್ಟಲನ್ನು ತೋರಿಸಿದ. ಶಾಸಕಿ ಸೆರಗು ಸಿಕ್ಕಿಸಿ ಧೂಳಿನಲ್ಲೇ ಮಂಡಿಯೂರಿ ಬಟ್ಟಲಿಗೆ ಕಿವಿಯಿಟ್ಟರು. ಹಣ್ಣಿನಂಗಡಿಯವಳು ತಕ್ಕಡಿ ಹಿಡಿದವಳು ಹಿಡಿದ ಹಾಗೇ ನಿಂತಳು.

ಮೊದಲಿಗೆ ಏನೂ ಇಲ್ಲ. ಬಸ್ಸಿನ ಸದ್ದು, ತಮ್ಮದೇ ಉಸಿರು. ಆಮೇಲೆ, ಎಲ್ಲೋ ಆಳದಲ್ಲಿ, ಅಗಲವಾಗಿ ಏನೋ ಹೊರಳಿತು. ಅವರು ಬೆಚ್ಚಿ ತಲೆಯೆತ್ತಿದರು. ಮತ್ತೆ ಕಿವಿ ಇಟ್ಟರು.

"ಗಡಗಡ ಅನ್ನುತ್ತಲ್ಲ, ಅದು ಆಸ್ಪತ್ರೆ. ಹಾಸಿಗೆ ಬಟ್ಟೆ ಒಗೀತಿದಾರೆ," ವಾಲ್ವ್‌ಮನ್ ಪಿಸುಗುಟ್ಟಿದ. "ಸಣ್ಣಗೆ ಬಿಟ್ಟು ಬಿಟ್ಟು ಎಳೆಯೋದು ಮೇಲಿನ ಬೀದಿ ಮನೆಗಳು. ಪಾತ್ರೆ ತೊಳೆಯೋ ಹೊತ್ತು."

ಶಾಸಕಿಯ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷ ಇದೇ ರಸ್ತೆಯಲ್ಲಿ, ಇದೇ ಕೊಳವೆಯ ಮೇಲೆ ಕೂತು ಮಾತ್ರೆ ಮಾರಿದ್ದರು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಅದಕ್ಕಿಂತ ಹೆಚ್ಚು ಯೋಚಿಸಿದವರಲ್ಲ. ಅರವತ್ತು ಸಾವಿರ ಜನ ಮುಖ ತೊಳೆಯುವುದು, ಕೂಸಿಗೆ ಎರೆಯುವುದು, ಬಾಯಾರಿ ಲೋಟ ಎತ್ತುವುದು, ಅಷ್ಟೂ ಕಾಲಡಿಯಲ್ಲಿ ಒಂದೇ ಸಮನೆ ಹರಿಯುತ್ತಿತ್ತು. ಮತ್ತು ಅಷ್ಟನ್ನೂ ಈ ಒಬ್ಬ ಮನುಷ್ಯ ಕಿವಿಯಲ್ಲೇ ಬಲ್ಲವನಾಗಿದ್ದ. ಅವರಿಗೆ ತಾವು ತೀರ ಚಿಕ್ಕವರು ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಒಂದು ಸುಖವೂ ಇತ್ತು.

"ಈಗ ಅವನ್ನೆಲ್ಲ ಪಕ್ಕಕ್ಕಿಟ್ಟು ಕೇಳಿ. ಕೆಳಗೊಂದು ಸುಂಯ್ ಅಂತ ಇದೆ. ನಿಲ್ಲೋದೇ ಇಲ್ಲ."

ಇತ್ತು. ಕೂದಲೆಳೆಯಷ್ಟು ಸಣ್ಣದು.

"ಅದು ಜೋಡಣೆ ಸಡಿಲ ಆಗಿರೋದಲ್ಲ, ಕೊಳವೆಯ ಮೈಯೇ ಬಿರುಕು ಬಿಡ್ತಾ ಇದೆ. ಬದಲಾಯಿಸಬೇಕು. ಒಂದು ಬೇಸಿಗೆ ತಡೀಬಹುದು, ಎರಡು ತಡೆಯಲ್ಲ. ಒಡೆದ್ರೆ ಈ ರಸ್ತೆ ಕುಸಿಯುತ್ತೆ. ಆಸ್ಪತ್ರೆಗೆ ಹದಿನೈದು ದಿನ ಹನಿ ನೀರಿಲ್ಲ."

ಶಾಸಕಿ ಎದ್ದು, ಆಪ್ತ ಸಹಾಯಕರ ಕೈಯಿಂದ ಪಟ್ಟಿ ತೆಗೆದುಕೊಂಡರು. ಮೊದಲ ಸಾಲಿನ ಕ್ರೀಡಾಂಗಣವನ್ನು ಹೊಡೆದು ಹಾಕಿ ಅದರ ಮೇಲೆ ಕೊಳವೆ ಎಂದು ಬರೆದರು.

"ಹದಿನಾರೂವರೆ ಇಂಚು ಮೇಡಂ!" ಆಪ್ತ ಸಹಾಯಕರ ದನಿ ಉಡುಗಿತು. ಅವರು ನಾಲ್ಕು ಹೆಜ್ಜೆ ಆಚೆ ಹೋಗಿ ಫೋನು ತೆಗೆದರು. ಯಾರಿಗೆಂದು ಕೇಳಬೇಕಾಗಿರಲಿಲ್ಲ. ಎರಡೇ ನಿಮಿಷಕ್ಕೆ ಶಾಸಕಿಯ ಫೋನು ಹೊಡೆದುಕೊಂಡಿತು.

"ಅಕ್ಕ, ತಲೆ ನೆಟ್ಟಗಿದೆ ತಾನೆ?" ತಮ್ಮ ಕಿರುಚುತ್ತಿದ್ದ. "ಬಾಗಿಲು ಬಾಗಿಲು ತಟ್ಟಿದ್ದು ನಾನು. ನಾಳೆ ಅವರಿಗೆಲ್ಲ ಯಾವ ಮುಖ ತೋರಿಸ್ಲಿ? ಒಡೀದೇ ಇರೋ ಕೊಳವೆಗೆ ಯಾರಾದ್ರೂ ಓಟು ಹಾಕ್ತಾರಾ?"

"ಹಾಕಲ್ಲ."

"ಮತ್ತೆ?"

ತಮ್ಮ ಹೇಳುತ್ತಿದ್ದುದು ಅಕ್ಷರಶಃ ನಿಜ. ಕೆಲಸ ಚೆನ್ನಾಗಿ ಆದರೆ ಆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಸೋತು ಮನೆಗೆ ಹೋಗಬೇಕಾದೀತು. ಹೆದರಿಕೆಯಾಯಿತು.

"ಮೇಡಂ, ಬೇಗ ಬನ್ನಿ," ವಾಲ್ವ್‌ಮನ್ ಕರೆದ. "ಶಾಲೆಗೆ ಬಿಡುವು ಕೊಡ್ತಾರೆ ಈಗ."

ಅವರು ಮತ್ತೆ ಮಂಡಿಯೂರಿದರು. ದೂರದಲ್ಲಿ ಒಂದು ನಲ್ಲಿ ತೆರೆದುಕೊಂಡಿತು. ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ. ನೂರಾರು ಮಕ್ಕಳು ಒಟ್ಟಿಗೆ ನಲ್ಲಿಗೆ ಬಾಯಿಟ್ಟಿದ್ದರು, ಕೈ ತೊಳೆಯುತ್ತಿದ್ದರು, ಒಬ್ಬರ ಮೇಲೊಬ್ಬರು ಎರಚುತ್ತಿದ್ದರು. ಕೊಳವೆ ತುಂಬ ಆ ಸದ್ದು ಏರಿ ಏರಿ ಅವರ ಎದೆಗೆ ಬಂದು ಮುಟ್ಟಿತು. ಕಣ್ಣು ಒದ್ದೆಯಾದವು.

"ಅಕ್ಕ! ಏನಾದ್ರೂ ಹೇಳು!" ಕೈಯಲ್ಲಿದ್ದ ಫೋನು ಅರಚಿತು.

ಅವರು ಕಿವಿ ತೆಗೆದು, ಆ ಜಾಗದಲ್ಲಿ ಫೋನನ್ನು ಮರದ ಬಟ್ಟಲಿಗೆ ಒತ್ತಿ ಹಿಡಿದರು. ತಮ್ಮ ಇನ್ನೂ ಒಂದಿಷ್ಟು ಕೂಗಾಡಿದ. ಕ್ರಮೇಣ ಮಾತು ತಡವರಿಸಿತು, ನಿಂತಿತು. ಅವರು ಫೋನಿನ ಪರದೆಯ ಕಡೆ ನೋಡಿದರು. ಕರೆ ಕಡಿದಿರಲಿಲ್ಲ.