ಗ್ಯಾರೇಜಿಗೆ ಹೋಗಿದ್ದು ಕಾರು, ಕೈಯಲ್ಲ

ಸ್ವಂತ ವಾಹನವನ್ನು ಹೊಂದಿರುವ, ಹೊಂದಲು ಹವಣಿಸುತ್ತಿರುವ, ಇಲ್ಲವೇ ಅನ್ಯರ ವಾಹನದಲ್ಲಿ ಕುಳಿತು ನಿಶ್ಚಿಂತೆಯಿಂದ ಕಣ್ಣು ಮುಚ್ಚುವ ಮಾನ್ಯ ಮಹಾಶಯರೇ, ಮಹನೀಯೆಯರೇ, ಒಂದು ಅನ್ಯಾಯದ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲಾಗುತ್ತಿದೆ. ಇದು ಕೇವಲ ಒಂದು ಕಾರಿನ ಸಂಗತಿಯೆಂದು ತಮಗೆ ಮೊದಲಿಗೆ ತೋರಬಹುದು. ಸಾವಧಾನದಿಂದ ಆಲಿಸಿದರೆ ಅನ್ಯಾಯ ಯಾರಿಗಾಯಿತೆಂಬುದನ್ನು ತಾವೇ ನಿರ್ಣಯಿಸುವಿರಿ.

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ನೇತ್ರಾವತಿ ಎಂಬಾಕೆ ಹಳದಿ ಬೋರ್ಡಿನ ಕಾರು ಓಡಿಸಿ ಸಂಸಾರ ಸಾಗಿಸುತ್ತಿದ್ದಳು. ಗಂಡನಿಗೆ ಸೈಕಲ್ಲಿನ ಹೊರತು ಬೇರೆ ವಾಹನ ಬಾರದು. ಆ ಕಾರಿನ ಖಾಯಂ ಪ್ರಯಾಣಿಕಳೆಂದರೆ ಪುಟ್ಟಕ್ಕ. ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದ ಈ ವೃದ್ಧೆಯನ್ನು ಸೋಮವಾರ, ಬುಧವಾರ, ಶುಕ್ರವಾರ ದಾವಣಗೆರೆಗೆ ಡಯಾಲಿಸಿಸ್‌ಗೆ ಕರೆದೊಯ್ದು ಮನೆ ತಲುಪಿಸುವುದು ನೇತ್ರಾವತಿಯ ಹೊಣೆ. ಆ ಮೂರು ದಿನದ ದುಡಿಮೆಯೇ ಅವಳ ಒಲೆಯ ಆಧಾರ.

ರಸ್ತೆಯುಬ್ಬು ಹತ್ತಿಳಿಯುವಾಗಲೆಲ್ಲ ಕಾರಿನ ಹಿಂಭಾಗದಲ್ಲಿ ಕಟಕಟ ಸದ್ದು ಬರತೊಡಗಿದ್ದರಿಂದ ಅವಳು ಅದನ್ನು ಹರಿಹರದ ಒಂದು ಗ್ಯಾರೇಜಿಗೆ ಒಯ್ದಳು. ಮೆಕ್ಯಾನಿಕ್ ಮಾಲತೇಶ್ ಹಿಂದಿನ ಆಕ್ಸಲ್ ಬಿಚ್ಚಿ, ಅದರ ಜೋಡಣೆಯಲ್ಲಿ ಸವೆದಿದ್ದ ರಬ್ಬರ್ ಬುಷ್‌ಗಳನ್ನು ಬದಲಿಸಿ, ಗಾಲಿಯಡಿ ನಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿ ಕಳುಹಿಸಿದ. ಸದ್ದೇನೋ ಅಡಗಿತು. ಆದರೆ ಕಾರು ಊರು ತಲುಪುವಷ್ಟರಲ್ಲಿ ಎಡಕ್ಕೆ ಎಳೆಯಲಾರಂಭಿಸಿತ್ತು. ನೇರ ಹೋಗಬೇಕಾದರೂ ಸ್ಟೇರಿಂಗನ್ನು ಬಲಕ್ಕೆ ಹಿಡಿದೇ ಇರಬೇಕು. ಹರಿಹರದ ಕಡೆಗೆ ಹೊರಟಾಗ ಎಡಕ್ಕಿರುವುದು ತುಂಬಿ ಹರಿಯುವ ನಾಲೆ.

ಮರುದಿನವೇ ಅವಳು ಗ್ಯಾರೇಜಿಗೆ ಮರಳಿ ಹೋದಳು. ರಸ್ತೆಯೇ ಎಡಕ್ಕೆ ಇಳಿಜಾರಾಗಿದೆ ಎಂದ ಮಾಲತೇಶ್. ಅವಳು ಒಪ್ಪದಿದ್ದಾಗ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿ ಸ್ಟೇರಿಂಗನ್ನು ನೆಟ್ಟಗೆ ಕೂರಿಸಿಕೊಟ್ಟ. ನೋಡಲು ನೆಟ್ಟಗಾಯಿತೇ ವಿನಾ ಕೈ ಸಡಿಲಿಸಿದೊಡನೆ ಕಾರು ಮತ್ತೆ ಎಡಕ್ಕೇ ಹೊರಳಿತು. ಮೂರನೆಯ ಸಲ ಹೋದಾಗ ಅವನು ಕೆಲಸದಿಂದ ತಲೆಯನ್ನೇ ಎತ್ತಲಿಲ್ಲ.

“ಗಾಡಿಗೇನೂ ಆಗಿಲ್ಲ, ಅಕ್ಕಾರ. ನಿಮ್ಮ ಕೈ ಒಂಚೂರು ಹಗೂರ. ಯಜಮಾನ್ರನ್ನ ಕಳಿಸ್ರಿ, ಒಂದು ರೌಂಡ್ ಓಡಿಸಿ ನೋಡ್ಲಿ.”

ವರ್ಷಗಟ್ಟಲೆ ಒಂದು ಗೀರೂ ಬೀಳದಂತೆ ಕಾರು ಓಡಿಸಿದವಳ ದೂರಿಗೆ, ಸೈಕಲ್ ತುಳಿಯುವ ಗಂಡ ಸಾಕ್ಷಿ ಹೇಳಬೇಕಂತೆ! ಇಂತಹ ಮಾತನ್ನು ಆಡಿದವನಿಗೆ ನಾಚಿಕೆಯಾಗಲಿಲ್ಲ, ಕೇಳಿಸಿಕೊಂಡ ಗಿರಾಕಿಗಳಿಗೂ ಆಗಲಿಲ್ಲ. ಅವರು ನಕ್ಕರು.

ಆ ಬುಧವಾರ ನಾಲೆಯ ತಿರುವಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ದಾರಿ ಬಿಡಲು ನೇತ್ರಾವತಿ ಸ್ಟೇರಿಂಗನ್ನು ಕೊಂಚ ಎಡಕ್ಕೆ ಬಿಟ್ಟಳು. ಕಾರು ಅವಳು ಕೇಳಿದ್ದಕ್ಕಿಂತ ಹೆಚ್ಚು ಹೋಯಿತು. ಎಡಗಾಲಿಗಳು ಡಾಂಬರು ಬಿಟ್ಟು ಜಲ್ಲಿಗಿಳಿದು, ನೀರಿನ ಅಂಚಿಗೆ ಬಂದು ನಿಂತವು. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಪುಟ್ಟಕ್ಕ, “ನನ್ನ ರಕ್ತಾನ ಆ ಮಿಷನ್ನು ಸೋಸ್ತೈತೆ. ನಿನ್ನ ಗಾಡೀನ ಯಾರು ಸೋಸ್ಬೇಕವ್ವಾ?” ಎಂದಳು.

ಸುದ್ದಿ ಸಂಜೆಗೆ ಹಾಲಿನ ಡೇರಿ ತಲುಪಿತು. ಕ್ಯಾನು ಹಿಡಿದು ನಿಂತಿದ್ದ ಅರ್ಧ ಊರಿನ ಎದುರಿಗೇ ಪುಟ್ಟಕ್ಕನ ಮಗ ಮಹಾಂತೇಶ್ ತೀರ್ಪು ಕೊಟ್ಟ. “ಹೆಂಗಸರ ಕೈಯಾಗೆ ಗಾಡಿ ಕೊಟ್ಟಿದ್ದೇ ತಪ್ಪು. ನಮ್ಮವ್ವ ನಾಲೆಗೆ ಬಿದ್ದು ಸಾಯೋದು ಬ್ಯಾಡ. ಡ್ರೈವರ್ ನಿಂಗರಾಜ್ ಕಾರು ಸೋಮವಾರಕ್ಕೆ ಖಾಲಿ ಆಗ್ತೈತೆ, ಅಲ್ಲಿಂದ ಅವನೇ ಬರ್ತಾನ.”

ಯಾರೂ ಎದುರಾಡಲಿಲ್ಲ. ಅದಕ್ಕಿಂತ ಘೋರವಾದದ್ದು ಮನೆಯಲ್ಲಿ ನಡೆಯಿತು. ನೇತ್ರಾವತಿ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ ದಿಟ್ಟಿಸಿದಳು. ನಿಜವಾಗಿಯೂ ಇವೇ ಇರಬಹುದೇ? ಹತ್ತು ಜನ ಹೇಳಿದ ಸುಳ್ಳನ್ನು ಹನ್ನೊಂದನೆಯವಳಾಗಿ ಅವಳೇ ನಂಬತೊಡಗಿದ್ದಳು.

ಶುಕ್ರವಾರ ನಾಲೆಯ ದಾರಿ ಬಿಟ್ಟು ಸುತ್ತುದಾರಿಯಲ್ಲಿ, ಎತ್ತಿನಗಾಡಿಯ ವೇಗದಲ್ಲಿ ಹೋದಳು. ಅಂತಹ ಕಾರನ್ನು ರಸ್ತೆಗಿಳಿಸಿದ್ದೇ ತಪ್ಪು, ಸಂದೇಹವಿಲ್ಲ. ಆದರೆ ಡಯಾಲಿಸಿಸ್ ಒಂದು ದಿನವೂ ಕಾಯುವಂಥದ್ದಲ್ಲ. ಪುಟ್ಟಕ್ಕನನ್ನು ಆಸ್ಪತ್ರೆಯಲ್ಲಿ ಬಿಟ್ಟವಳೇ ಹತ್ತಿರದ ವಿದ್ಯಾನಗರ ಬಡಾವಣೆಗೆ ನಡೆದಳು. ಅಲ್ಲಿ ಹೈಸ್ಕೂಲಿನ ಗೆಳತಿ ಮುಬಶ್ಶಿರಾ ಇದ್ದಳು. ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ವಾಹನ ರಿಪೇರಿಯ ಪಾಠ ಹೇಳುವವಳು. ಎಲ್ಲವನ್ನೂ ಕೇಳಿಸಿಕೊಂಡು ಅವಳು ಚಹಾದ ಲೋಟ ಕೆಳಗಿಟ್ಟಳು.

“ಹಿಂದಿನ ಕೆಲಸ ಮಾಡಿಸೋಕೆ ಮುಂಚೆ ಎಳೀತಿತ್ತಾ?”

“ಇಲ್ಲ.”

“ಮಾಡಿಸಿದ ದಿನದಿಂದ ಎಳೀತೈತೆ. ಗ್ಯಾರೇಜಿಗೆ ಹೋಗಿದ್ದು ಕಾರು. ನಿನ್ನ ಕೈ ಹೋಗಿತ್ತೇನೇ, ಹುಚ್ಚಿ?”

ನೇತ್ರಾವತಿ ಮೊದಲು ಅತ್ತಳು, ಅನಂತರ ಸಿಟ್ಟಾದಳು. ಸಿಟ್ಟೇ ಹೆಚ್ಚು ಉಪಯೋಗಕ್ಕೆ ಬಂತು. ಇಬ್ಬರೂ ಆಸ್ಪತ್ರೆಗೆ ಹೋಗಿ ಕಾರನ್ನು ಒಂದಷ್ಟು ದೂರ ಓಡಿಸಿ ನಿಲ್ಲಿಸಿದರು. ದೂರದಿಂದ ಬಂದ ಕಾರಿನಲ್ಲಿ ಒಂದು ಗಾಲಿ ಮಾತ್ರ ಕಾದಿದ್ದರೆ ಅದರ ಬ್ರೇಕ್ ಹಿಡಿದಿದೆಯೆಂದು ಅರ್ಥ. ಮುಟ್ಟದೆ ಹತ್ತಿರ ಕೈ ಒಡ್ಡಿ ನೋಡಿದರು, ಎಲ್ಲ ಗಾಲಿಗಳ ಬಿಸಿಯೂ ಒಂದೇ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಸರಿಹೊಂದಿಸಿದರು. ಪಂಕ್ಚರ್ ಅಂಗಡಿಯಲ್ಲಿ ಮುಂದಿನ ಗಾಲಿಗಳನ್ನು ಎಡಬಲ ಅದಲುಬದಲು ಮಾಡಿಸಿದರು. ದೋಷ ಟೈರಿನದಾಗಿದ್ದರೆ ಎಳೆತವೂ ಬಲಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ.

“ಇನ್ನು ಉಳಿದಿದ್ದು ಅವನು ಕೈ ಹಾಕಿದ ಜಾಗ,” ಎಂದಳು ಮುಬಶ್ಶಿರಾ. “ನಾಳೆ ನಾನೇ ಊರಿಗೆ ಬರ್ತೀನಿ. ಮಹಾಂತೇಶ್ ಕೈಯಾಗೇ ಓಡಿಸೋಣ.”

ಮಹಾಂತೇಶನ ಮನೆಯ ಹಿಂದೆ ಮೆಕ್ಕೆಜೋಳ ಒಣಗಿಸುವ ಕಾಂಕ್ರೀಟ್ ಕಣವಿತ್ತು. ಇಳಿಜಾರಿಲ್ಲದ, ಉದ್ದನೆಯ, ಬಟಾಬಯಲು. ರಸ್ತೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಶನಿವಾರ ಬೆಳಿಗ್ಗೆ ಅವನು ನಗುತ್ತಲೇ ಸ್ಟೇರಿಂಗ್ ಹಿಡಿದು ಕುಳಿತ. ನಿಧಾನವಾಗಿ ಹೊರಟು, ಮುಬಶ್ಶಿರಾ ಹೇಳಿದಲ್ಲಿ ಕೈ ಸಡಿಲಿಸಿದ. ಕಾರು ಎಡಕ್ಕೆ ಹೊರಳಿತು. ಮತ್ತೆ ಓಡಿಸಿದ. ಮತ್ತೆ ಎಡಕ್ಕೆ.

“ನಿಂದೂ ಹೆಂಗಸರ ಕೈಯೇನೋ, ಮಾಂತೇಶಾ?” ಎಂದಳು ಜಗಲಿಯ ಮೇಲಿದ್ದ ಪುಟ್ಟಕ್ಕ.

ಅವನ ನಗು ನಿಂತಿತು. ಬಳಿಕ ಗಾಲಿಗಳಿಗೆ ನೀರು ಸುರಿದು, ಅವನಿಂದಲೇ ಕಾರನ್ನು ನೇರ ಹಿಡಿದು ಓಡಿಸಿ, ಒಣನೆಲದ ಮೇಲಿನ ಒದ್ದೆ ಗುರುತನ್ನು ಎಲ್ಲರೂ ಬಗ್ಗಿ ನೋಡಿದರು. ಮುಂದಿನ ಗಾಲಿಯ ಜಾಡಿನ ಮೇಲೆಯೇ ಬೀಳಬೇಕಿದ್ದ ಹಿಂದಿನ ಗಾಲಿಯ ಜಾಡು, ಎರಡೂ ಪಕ್ಕದಲ್ಲಿ ಬಲಕ್ಕೆ ಸರಿದಿತ್ತು. ಬೀದಿನಾಯಿ ಸೊಟ್ಟಗೆ ಓಡುವಂತೆ ಕಾರು ಓಡುತ್ತಿತ್ತು. ಭತ್ತದ ನಾಟಿಗೆ ಸಾಲು ಹಿಡಿಯುವ ಹಗ್ಗವನ್ನು ಮುಬಶ್ಶಿರಾ ತರಿಸಿದಳು. ಸ್ಟೇರಿಂಗ್ ನೆಟ್ಟಗಿಟ್ಟು, ಬಲಬದಿಯ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಬಿಗಿಯಾಗಿ ಅಳೆದು ಗಂಟು ಹಾಕಿದಳು. ಅದೇ ಅಳತೆಯನ್ನು ಎಡಬದಿಗೆ ಹಿಡಿದಾಗ ಹಗ್ಗ ಜೋತುಬಿತ್ತು.

ಹಿಂದಿನ ಆಕ್ಸಲ್‌ನ ಎಡತುದಿ ಹೆಬ್ಬೆರಳಿನಷ್ಟು ಮುಂದಕ್ಕೆ ಕುಳಿತಿದೆ ಎಂದು ಅವಳು ವಿವರಿಸಿದಳು. ಅದರಿಂದ ಹಿಂದಿನ ಗಾಲಿಗಳು ಬಲಕ್ಕೆ ಮುಖ ಮಾಡಿವೆ. ಬಾಲ ಬಲಕ್ಕೆ ಸರಿಯುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ಮುಂದಿನ ಅಲೈನ್‌ಮೆಂಟ್ ಇದನ್ನು ಸರಿಪಡಿಸುವುದಿಲ್ಲ, ಮುಚ್ಚಿಡುತ್ತದೆ. ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇಂತಹ ಕಾರು ತಿರುಗಿಯೇ ನಿಂತೀತು.

ಹರಿಹರಕ್ಕೆ ತಾನೂ ಬರುವೆನೆಂದು ಹೊರಟ ಮಹಾಂತೇಶನನ್ನು ನೇತ್ರಾವತಿ ತಡೆದಳು. ಯಜಮಾನರನ್ನು ಕಳುಹಿಸಿ ಎಂದವನ ಮುಂದೆ ತಾನೇ ನಿಲ್ಲಬೇಕಿತ್ತು.

ಒಂದು ಹೆಬ್ಬೆರಳಿಗೆ ಏನೂ ಆಗದು, ಎಲ್ಲ ಗಾಡಿಗಳಲ್ಲೂ ಇಷ್ಟು ಇದ್ದೇ ಇರುತ್ತದೆ ಎಂದು ಗ್ಯಾರೇಜಿನಲ್ಲಿ ಮಾಲತೇಶ್ ವಾದಿಸಿದ. ನೇತ್ರಾವತಿ ಹಗ್ಗವನ್ನು ಅವನ ಟೂಲ್ ಪೆಟ್ಟಿಗೆಯ ಮೇಲಿಟ್ಟಳು.

“ಆ ಒಂದು ಹೆಬ್ಬೆರಳು ನನ್ನನ್ನ ನಾಲೆ ದಂಡೆಗೆ ತಂದು ನಿಲ್ಲಿಸಿತ್ತು. ಹಿಂದಿನ ಸೀಟ್ನಾಗೆ ಪೇಷಂಟ್ ಇದ್ರು. ನನ್ನ ಎದುರಿಗೇ ಬೋಲ್ಟ್ ಬಿಚ್ಚು.”

ಬಿಚ್ಚಿದಾಗ ಗುಟ್ಟು ಹೊರಬಿತ್ತು. ಆಕ್ಸಲ್ ಹಿಡಿಯುವ ಎಡಬದಿಯ ಬ್ರಾಕೆಟ್ಟನ್ನು ಹಳೆಯ ಗುರುತಿಗೆ ಕೂರಿಸದೆ ಮುಂದಕ್ಕೆ ತಳ್ಳಿ ಬಿಗಿಯಲಾಗಿತ್ತು. ಅದೂ ಜಾಕಿನ ಮೇಲೆ ಕಾರು ಎತ್ತಿ, ಗಾಲಿಗಳು ಜೋತಾಡುತ್ತಿರುವಾಗಲೇ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದೊಡನೆ ಬುಷ್‌ನ ರಬ್ಬರ್ ತಿರುಚಿಕೊಳ್ಳುತ್ತದೆ. ಅವಸರದ ಕೆಲಸ, ಅದರ ಮೇಲೆ ನಿಂಬೆಹಣ್ಣಿನ ಶೃಂಗಾರ. ನೇತ್ರಾವತಿ ಹಗ್ಗ ಹಿಡಿದು ನಿಂತು ಎರಡೂ ಬದಿ ಸಮ ಮಾಡಿಸಿದಳು. ಕಾರನ್ನು ನೆಲಕ್ಕಿಳಿಸಿ, ಭಾರ ಗಾಲಿಗಳ ಮೇಲೆ ಬಿದ್ದ ಬಳಿಕವೇ ಬುಷ್‌ಗಳ ಬೋಲ್ಟನ್ನು ಕೊನೆಯ ಸಲ ಬಿಗಿಸಿದಳು. ಅಲ್ಲಿಂದ ದಾವಣಗೆರೆಗೆ ಹೋಗಿ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದಳು, ಮೊದಲು ಹಿಂದಿನದು, ಆಮೇಲೆ ಮುಂದಿನದು. ಮರಳುವಾಗ ಹೆದ್ದಾರಿಯ ನೇರದಲ್ಲಿ ಹಿಡಿತ ಕೊಂಚ ಸಡಿಲಿಸಿದಳು. ಕಾರು ತನ್ನ ಸಾಲು ಬಿಡಲಿಲ್ಲ.

ಸಂಜೆ ಮಹಾಂತೇಶ್ ಅವಳ ಬಾಗಿಲಿಗೆ ಬಂದು, ಏನೂ ನಡೆದಿಲ್ಲವೆಂಬಂತೆ, ಸೋಮವಾರ ಎಷ್ಟು ಹೊತ್ತಿಗೆ ಬರುವೆಯೆಂದು ಕೇಳಿದ.

“ಅಂದಿದ್ದನ್ನ ಡೇರಿ ಮುಂದೆ ಅಂದಿ,” ಎಂದಳು ನೇತ್ರಾವತಿ. “ವಾಪಸ್ ತಗೊಳ್ಳೋದನ್ನ ನನ್ನ ಹೊಸ್ತಿಲ ಮೇಲೆ ಯಾಕ ತಗೋತಿ? ಅಲ್ಲೇ ತಗೋ.”

ಭಾನುವಾರ ಬೆಳಿಗ್ಗೆ, ಕ್ಯಾನುಗಳ ಸಾಲಿನ ಮುಂದೆ ನಿಂತು, ತಪ್ಪು ಆಕ್ಸಲ್‌ನದು, ಆಕೆಯ ಕೈಯದಲ್ಲ, ತಾನು ತಿಳಿಯದೆ ಆಡಿದೆ ಎಂದು ಮಹಾಂತೇಶ್ ಹೇಳಿದ. ಅವನ ಕಿವಿ ಕೆಂಪಾಗಿತ್ತು. ಜೋರಾಗಿ ಹೇಳು, ಹಿಂದಿನವರಿಗೆ ಕೇಳಿಸಲಿಲ್ಲ ಎಂದು ಯಾರೋ ಹೆಂಗಸು ಕೂಗಿದಳು. ಅವನು ಮತ್ತೊಮ್ಮೆ ಹೇಳಿದ.

ಮಾನ್ಯರೇ, ಹಿಂದಿನ ಆಕ್ಸಲ್, ಸಸ್ಪೆನ್ಷನ್‌ಗಳ ಕೆಲಸವಾದ ಮೇಲೆ ಕಾರು ಪಕ್ಕಕ್ಕೆಳೆದರೆ ಅಭ್ಯಾಸವಾಗುತ್ತದೆಂದು ಸುಮ್ಮನಿರಬೇಡಿ. ಗಾಳಿ, ಟೈರು, ಬ್ರೇಕು ನೋಡಿಸಿ. ಸಮನೆಲದಲ್ಲಿ ಜಾಡು ನೋಡಿ. ಎರಡೂ ಬದಿ ಅಳೆಯಿರಿ. ಕೆಟ್ಟ ಕೆಲಸ ಮಾಡಿದವರಿಂದಲೇ ಅದನ್ನು ಮತ್ತೆ ಮಾಡಿಸಿ, ನಾಲ್ಕು ಚಕ್ರಗಳ ಅಲೈನ್‌ಮೆಂಟಿನ ವರದಿ ಕೇಳಿ. ಅಲ್ಲಿಯವರೆಗೆ ಆ ಕಾರಿನಲ್ಲಿ ಯಾರನ್ನೂ ಕೂರಿಸಬೇಡಿ. ಮತ್ತು ಓಡಿಸುವವಳು ಹೆಣ್ಣೆಂಬ ಒಂದೇ ಕಾರಣಕ್ಕೆ ಯಂತ್ರದ ದೋಷವನ್ನು ಅವಳ ಕೈಗೆ ಕಟ್ಟಬೇಡಿ. ಹಾಗೆ ಕಟ್ಟುವವರೆದುರು ಸುಮ್ಮನೆ ನಿಲ್ಲಲೂ ಬೇಡಿ.

ಈ ಕರಪತ್ರವನ್ನು ತಮ್ಮೂರಿನಲ್ಲಿ ಓದಿ ಹೇಳಲು ಬಂದವನ ಕೆಲಸ ಇಲ್ಲಿಗೆ ಮುಗಿಯಿತು. ಉಳಿದ ಕರಪತ್ರಗಳನ್ನು ಕಟ್ಟಿ ಚೀಲಕ್ಕೆ ತುಂಬಿದ್ದಾನೆ, ನೀರು ಕೊಟ್ಟ ಮನೆಯವರಿಗೆ ಕೈಮುಗಿದಿದ್ದಾನೆ. ಮುಂದಿನ ಊರಾದ ಸಾರಥಿಯಲ್ಲೂ ಕಾರುಗಳಿವೆ, ಅವನ್ನು ಓಡಿಸುವ ಹೆಣ್ಣುಮಕ್ಕಳಿದ್ದಾರೆ. ಬಸ್ಸಿಗೆ ಇನ್ನೂ ಹೊತ್ತಿದೆಯಂತೆ. ಅವನು ಚೀಲವನ್ನು ಹೆಗಲಿಗೇರಿಸಿ ನಡೆದೇ ಹೊರಟನು.