ಚೀಲದಾಗಿನ ಕೋಳಿ

ಕೋಳಿ ಇನ್ನಾ ಚೀಲದಾಗೇ ಇತ್ತು, ನಮ್ಮವರು ನಕ್ಕುಬಿಟ್ರು.

ಮೊದಲೇ ಹೇಳಿಬಿಡ್ತೀನಿ, ನನಗ ಸಿಟ್ಟು ಬಂದ್ರ ಲಗ್ನದ ಮನಿ, ವಿಮಾನ ಅಂತ ನೋಡಾಕಿ ಅಲ್ಲ. ಆದ್ರ ಅವತ್ತು ವಿಮಾನ ಹತ್ತಿದಾಗ ಭಾಳ ಖುಷಿಯಾಗಿದ್ದೆ. ಯೆರವಡಾದಾಗ ನಮ್ಮದು ನೀರೆತ್ತೋ ಪಂಪಿನ ಅಂಗಡಿ. ಹೆಚ್ಚು ಮಾಲು ಮಾರ್ಯಾರಂತ ಕಂಪನಿಯವರು ನಮ್ಮವರನ್ನ, ಅಂದ್ರ ಶಿವಪ್ರಕಾಶರನ್ನ, ಜೋಡಿಲೆ ಯುರೋಪಿಗೆ ಕಳಿಸಿದ್ರು. 2007ರ ಬ್ಯಾಸಗಿ. ಮುಂಬೈಯಿಂದ ಒಂಬತ್ತು ತಾಸಿನ ಹಾದಿ. ಮುಂದಿನ ಸೀಟಿನ ಬೆನ್ನಿಗೆ ಒಬ್ಬೊಬ್ಬರಿಗೊಂದು ಟಿವಿ! ಬಟನ್ ಒತ್ತಕೋತ ಹೋದ್ರ, ಅಯ್ಯ ನನ್ನ ಶಿವನ, ನಾವು ನೋಡಬೇಕಂದು ತಪ್ಪಿಸಿಕೊಂಡಿದ್ದ ಆ ಮರಾಠಿ ಸಿನಿಮಾ ಅದರಾಗಿತ್ತು.

ಹೋದ ದೀಪಾವಳಿ ಮುಗಿದ ಮ್ಯಾಲೆ ಅದರ ಪೋಸ್ಟರ್ ನಮ್ಮ ಅಂಗಡಿ ಎದುರಿನ ಗ್ವಾಡಿಗೆ ಹಚ್ಚಿದ್ರು. ಶುಕ್ರವಾರ ಬಿಡುಗಡೆ, ಅವತ್ತೇ ಹೋಗೋದಂತ ಮಾತಾಗಿತ್ತು. ಲಗ್ನಾಗಿ ಇಪ್ಪತ್ತೆರಡು ವರ್ಷ, ಒಬ್ಬರನ್ನ ಬಿಟ್ಟು ಒಬ್ಬರು ಥೇಟರ್ ಮೆಟ್ಟಿಲು ಹತ್ತಿದವರಲ್ಲ ನಾವು. ಗುರುವಾರ ಬಿಜಾಪುರದಿಂದ ಫೋನ್ ಬಂತು, ಅವ್ವಗ ಭಾಳ ಆರಾಮಿಲ್ಲ ಅಂತ. ನಾ ಒಬ್ಬಾಕಿನೇ ಓಡಿದೆ. ಎಲ್ಲಾ ಮುಗಿಸಿ ವಾಪಸ್ ಬರೋದ್ರಾಗ ಸಿನಿಮಾ ಎದ್ದು ಹೋಗಿತ್ತು. ಒಂದೇ ವಾರ ಓಡಿತ್ತಂತ.

ಈಗ ಇಬ್ಬರೂ ಒಂದು, ಎರಡು, ಮೂರು ಎಣಿಸಿ ಒಮ್ಮೆಲೆ ಬಟನ್ ಒತ್ತಿದ್ವಿ. ಬಸ್ಸಿನ್ಯಾಗ ಮುದುಕಿಯೊಬ್ಬಾಕಿ ಚೀಲ ಅವಚಿಕೊಂಡು ಕುಂತಾಳ. ಕಂಡಕ್ಟರ್ ಬಂದ. ಇವರು ಹೊಟ್ಟಿ ಹಿಡಕೊಂಡು ನಕ್ಕರು. ಆಮ್ಯಾಲೆ ಕೋಳಿ ಹೊರಗ ಬಂತು.

"ಮೊದಲೇ ನೋಡೀರೇನ್ರಿ?" ಅಂದೆ.

"ಛೇ ಛೇ, ಎಲ್ಲಿಂದ ನೋಡಲಿ ಶಾಮಲಾ?"

ಅರ್ಧ ತಾಸು ಬಿಟ್ಟು ಏನೂ ಅರೀದಾಕಿ ಹಂಗ ಕೇಳಿದೆ, "ಇದರ ಇಂಟರ್ವಲ್ ಎಲ್ಲಿ ಬರತದ?"

"ಬಸ್ಸು ಹೊಳ್ಯಾಗ ಸಿಕ್ಕೊಂಡಾಗ," ಅಂದ್ರು. ಅಂದು ನಾಲಿಗಿ ಕಚ್ಚಿಕೊಂಡ್ರು.

ನನ್ನ ಬಿಟ್ಟು ನೋಡ್ಯಾರ! ಚಿವುಟಬೇಕಂತ ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಒಂದೇ ವಾರ ಓಡಿದ ಸಿನಿಮಾ. ಸೋಮವಾರ ಇವರು ಅವ್ವನ ಮಣ್ಣಿಗೆ ಬಂದವರು, ಆ ವಾರೆಲ್ಲಾ ಬಿಜಾಪುರದಾಗ ನನ್ನ ಜೋಡಿ ಇದ್ರು. ಅಂದ್ರ ನೋಡಿದ್ದು ಅದಕ್ಕಿಂತ ಮೊದಲು.

ಅವ್ವ ಮೂರು ಹೆಣ್ಣು ಹಡದಾಕಿ, ಇವರನ್ನೇ ಮಗ ಅಂದಾಕಿ. "ಅವನ ಕೈಲೆ ಒಂದು ಗುಟುಕು ನೀರು ಕುಡದು ಹೋಗ್ತೀನಿ" ಅಂತ ಹಟ ಹಿಡಿದಿದ್ಲು. ಫೋನ್ ಮಾಡಿದ್ರ ಇವರು, "ಸಾಸವಡದ ಗೋದಾಮಿನ್ಯಾಗ ಸ್ಟಾಕ್ ನೋಡಾಕತ್ತೇವಿ, ಸೋಮವಾರದ ತನಕ ಏಳಾಕ ಪುರಸತ್ತಿಲ್ಲ" ಅಂದ್ರು. ರವಿವಾರ ಸಂಜೀಕ ಅವ್ವಗ ಮ್ಯಾಲುಸಿರು ಹತ್ತಿತು. ಮೂರು ಸಲ ಫೋನ್ ಹಚ್ಚಿದೆ, ಬಂದ್. "ಎಲ್ಲಿಗೆ ಬಂದ?" ಅಂತ ಅವ್ವ ಕೇಳ್ತಿದ್ಲು. ಏನು ಹೇಳಲಿ? "ಇಂದಾಪುರ ದಾಟ್ಯಾರವ್ವಾ" ಅಂದೆ. ಮತ್ತ ಕೇಳಿದ್ಲು. "ಟೆಂಭುರ್ಣಿಗೆ ಬಂದಾರ." ಮತ್ತ ಕೇಳಿದ್ಲು. "ಸೊಲ್ಲಾಪುರ ದಾಟ್ಯಾರ, ಇನ್ನೇನು ಬಂದ್ರು." ನನ್ನ ಕೈಯಾನ ನೀರು ಕುಡೀಲಿಲ್ಲ, ಬಾಯಿ ಬಿಗಿ ಹಿಡಕೊಂಡೇ ಹೋದ್ಲು. ಇವರು ಬಂದ ಮ್ಯಾಲೆ ಇದನ್ನೆಲ್ಲಾ ಹೇಳಿ ಇವರ ಎದಿಮ್ಯಾಲೆ ತಲಿ ಇಟ್ಟು ಅತ್ತಿದ್ದೆ. ಇವರೂ ಅತ್ತಿದ್ರು.

"ಯಾವತ್ತು ನೋಡಿದ್ರಿ?"

"ರವಿವಾರ, ಆರರ ಶೋ. ಒಬ್ಬನೇ ಹೋಗಿದ್ದೆ. ಗೋದಾಮಿನ ಕೆಲಸ ಶನಿವಾರನೇ ಮುಗಿದಿತ್ತು. ಮನಿಯಾಗ ಬ್ಯಾಸರಾತು. ಅತ್ತಿ ಇಷ್ಟು ಲಗೂನ ಹೋಗ್ತಾರಂತ ಯಾರಿಗೆ ಗೊತ್ತಿತ್ತು?"

"ಬ್ಯಾಸರಾ?" ನನ್ನ ದನಿಗೆ ಮುಂದಿನ ಸಾಲಿನವರು ತಿರುಗಿ ನೋಡಿದ್ರು. "ನಂಬಿದ್ದೆನಲ್ರಿ ನಿಮ್ಮನ್ನ! ಸಾಯೋ ಅವ್ವನ ಮುಂದ ನನ್ನ ಕಡಿಂದ ಸುಳ್ಳು ಹೇಳಿಸಿದ್ರಲ್ರಿ!"

ಇವರ ಜೋಡಿ ಅತ್ತ ಆ ಅಳುನೂ ಮೋಸ ಅನಿಸ್ತು.

ಸಿನಿಮಾ ಬಂದ್ ಮಾಡಿ ವಿಮಾನದ ಹಾದಿ ತೋರಿಸೋ ನಕಾಶಿ ಹಚ್ಚಿದೆ. ಸಣ್ಣ ವಿಮಾನೊಂದು ನನಗ ಹೆಸರು ಗೊತ್ತಿಲ್ಲದ ಊರುಗಳ ಮ್ಯಾಲೆ ಹೊಂಟಿತ್ತು. ಭಾಳೊತ್ತಿನ ಮ್ಯಾಲೆ ಇವರು ತಮ್ಮ ಟಿವಿ ಆರಿಸಿ ನನ್ನ ಕಡೆ ಬಗ್ಗಿದ್ರು. ತಪ್ಪು ಮುಚ್ಚಾಕ ಗಂಡಸರು ಏನಾರ ಮಾತು ತಗೀತಾರಲ್ಲ, ಹಂಗ ಕೇಳಿದ್ರು, "ಎಲ್ಲಿಗೆ ಬಂದ್ವಿ?"

"ಸೊಲ್ಲಾಪುರ ದಾಟೇವ್ರಿ," ಅಂದೆ. "ಇನ್ನೇನು ಬಂದ್ವಿ."